ಗೆಳತಿಯರ ಜೊತೆ ಒಬ್ಬಳು, ಗಂಡನ ಜೊತೆ ಇನ್ನೊಬ್ಬಳು: ಇದು ಮುಖವಾಡವಾ?

ಹೂಮಳೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆಯಲ್ಲಿ ಓಡುತ್ತಿರುವ ವಿಷಯ ಇದು. ನನ್ನ ತವರು ಕೊಪ್ಪದ ಹತ್ತಿರ. ಮದುವೆಯಾಗಿ ಸೇರಿದ್ದು ಸಕಲೇಶಪುರ ಕಡೆಯ ತೋಟದ ಮನೆಗೆ. ಇಬ್ಬರಿಗೂ ಕೆಲಸ ಚಿಕ್ಕಮಗಳೂರಿನಲ್ಲಿ, ಹಾಗಾಗಿ ಇಲ್ಲೇ ಬಾಡಿಗೆ ಮನೆ. ರಜೆ ಬಂದರೆ ಅತ್ತೆ ಮನೆಗೆ ಹೋಗುತ್ತೇವೆ.

ಕೊಪ್ಪದ ಗೆಳತಿಯರ ಜೊತೆ ಫೋನಿನಲ್ಲಿ ಮಾತಾಡುವಾಗ ನನ್ನ ದನಿಯೇ ಬೇರೆ. "ಎಂತ ಮಾರಾಯ್ತಿ" ಅಂತ ಶುರುವಾದರೆ ಮುಗಿಯಿತು. ಗಟ್ಟಿಯಾಗಿ ನಗುತ್ತೇನೆ, ಕಾಲೆಳೆಯುತ್ತೇನೆ, ಜಗಳವನ್ನೂ ಆಡುತ್ತೇನೆ. ಅತ್ತೆ ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ. ಶಾಲೆಯಲ್ಲಿ ಮಕ್ಕಳ ಮುಂದೆ ಇನ್ನೊಂದು ಥರ. ಗಂಡನ ಜೊತೆ ಇದ್ಯಾವುದೂ ಅಲ್ಲದ ಒಂದು ಹದವಾದ ಮಾತು.

ಈಚೆಗೆ ಒಂದು ಸಂಜೆ ಅವರು ಹೇಳಿದರು: "ನಿನ್ನ ಗೆಳತಿಯರ ಜೊತೆ ಮಾತಾಡ್ತಾಳಲ್ಲ, ಆ ಹುಡುಗಿ ನನಗೆ ಇನ್ನೂ ಸಿಕ್ಕೇ ಇಲ್ಲ." ಕೋಪದಲ್ಲಿ ಹೇಳಿದ್ದಲ್ಲ, ಬೇಜಾರಿನಲ್ಲಿ ಹೇಳಿದ್ದು. ನನಗೆ ಉತ್ತರ ತೋಚಲಿಲ್ಲ. ನಾನು ಅವರಿಂದ ಏನನ್ನೂ ಮುಚ್ಚಿಟ್ಟಿಲ್ಲ. ಆದರೆ ಅವರು ಹೇಳಿದ್ದು ಸುಳ್ಳೂ ಅಲ್ಲ.

ನಿಮಗೂ ಹೀಗೆ ಆಗುತ್ತದಾ? ಒಬ್ಬೊಬ್ಬರ ಮುಂದೆ ಒಂದೊಂದು ಥರ ಇರುವುದು ನಾಟಕವಾ? ಅಥವಾ ಎಲ್ಲರೂ ಹೀಗೇನಾ?

—

ರೈಟರ್ ಮಗ, ಮೂಡಿಗೆರೆ

ಅಕ್ಕ, ನಮ್ಮ ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟದಲ್ಲಿ ಬೆಳೆದವರಿಗೆ ಗೊತ್ತು, ರೈಟರ್ ಅಂದರೆ ಸಾಹುಕಾರರಿಗೂ ಆಳುಗಳಿಗೂ ನಡುವೆ ನಿಂತವನು. ಸಾಹುಕಾರರ ಮುಂದೆ ಅಪ್ಪನ ದನಿ ತಗ್ಗುತ್ತಿತ್ತು, ಬೆನ್ನು ಸ್ವಲ್ಪ ಬಾಗುತ್ತಿತ್ತು. ಬಟವಾಡೆಯ ದಿನ ಲೈನ್ ಮನೆಗಳ ಹತ್ತಿರ ಅದೇ ಮನುಷ್ಯ ಗಡಸು. ತಮಿಳು ಬರುವವರ ಹತ್ತಿರ ತಮಿಳು, ತುಳು ಬರುವವರ ಹತ್ತಿರ ತುಳು. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಬಿಡುತ್ತಿರಲಿಲ್ಲ. ಮನೆಗೆ ಬಂದರೆ ಮಾತೇ ಕಮ್ಮಿ. ಅಮ್ಮನ ಹತ್ತಿರ ಮಾತ್ರ ತುಳುವಿನಲ್ಲಿ ಮೆಲ್ಲಗೆ ಏನೋ ಹೇಳಿ ನಗುತ್ತಿದ್ದರು.

ಚಿಕ್ಕವನಿದ್ದಾಗ ಸಾಹುಕಾರರ ಮುಂದೆ ಬಾಗುವ ಅಪ್ಪನನ್ನು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಈಗ ನಾನೂ ಆಫೀಸಿನಲ್ಲಿ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಇದ್ದೇನೆ. ಅಪ್ಪನ ಆ ಮೂರು ದನಿಗಳಲ್ಲಿ ಸುಳ್ಳು ಯಾವುದು ಅಂತ ಯಾರಾದರೂ ಕೇಳಿದರೆ ಒಂದನ್ನೂ ತೋರಿಸಲು ನನ್ನಿಂದ ಆಗುವುದಿಲ್ಲ. ಮೂರೂ ಅವರೇ. ಆ ಮೂರು ದನಿಯಿಂದಲೇ ನಾವು ಓದಿ ಮೇಲೆ ಬಂದದ್ದು.

—

ಗೊರೂರು ರಸ್ತೆ, ಹಾಸನ

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹೂಮಳೆಯವರ ಪ್ರಶ್ನೆ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಎರ್ವಿಂಗ್ ಗಾಫ್‌ಮನ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ ಇದ್ದ. ಕೆನಡಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದವನು. ಸುಮಾರು 1950ರ ಹೊತ್ತಿಗೆ ಸ್ಕಾಟ್ಲೆಂಡಿನ ಉತ್ತರದ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಇದ್ದುಕೊಂಡು ಅಲ್ಲಿನ ಜನರನ್ನು ಗಮನಿಸಿದ. ಅಲ್ಲಿ ಒಂದು ಸಣ್ಣ ಹೋಟೆಲ್. ಊಟದ ಕೋಣೆಯಲ್ಲಿ ಅತಿಥಿಗಳ ಮುಂದೆ ಕೆಲಸದವರ ನಡೆ ಒಂದು ಥರ, ಅಡುಗೆಮನೆಯಲ್ಲಿ ಇನ್ನೊಂದು ಥರ. ಎರಡರ ನಡುವಿನ ಬಾಗಿಲಿಗೆ ದಿನವೂ ಜಗಳ. ಬಡಿಸುವ ಹುಡುಗಿಯರಿಗೆ ತಟ್ಟೆ ಹಿಡಿದು ಓಡಾಡಲು ಬಾಗಿಲು ತೆರೆದಿರಬೇಕು. ನಡೆಸುವವರಿಗೆ ಒಳಗಿನ ರೀತಿ ಹೊರಗೆ ಕಾಣಬಾರದು, ಹಾಗಾಗಿ ಮುಚ್ಚಬೇಕು. ಇಂಥವನ್ನೆಲ್ಲ ನೋಡಿ ಅವನು ಬರೆದ ಪುಸ್ತಕ 1959ರಲ್ಲಿ ಅಮೆರಿಕದಲ್ಲಿ ಬಂತು. ಜನ ರಂಗದ ಮೇಲೆ ಇರುವಂತೆ ಒಬ್ಬರ ಮುಂದೊಬ್ಬರು ತಮ್ಮನ್ನು ತೋರಿಸಿಕೊಳ್ಳುತ್ತಾರೆ, ಎಲ್ಲರಿಗೂ ಒಂದು ರಂಗ ಇದೆ, ಹಿಂದೆ ಒಂದು ನೇಪಥ್ಯ ಇದೆ ಅಂದ.

ಇದನ್ನು ಕೇಳಿದ ಮಕ್ಕಳು ತಕ್ಷಣ ಹೇಳುತ್ತಿದ್ದರು, "ಹಾಗಾದರೆ ನೇಪಥ್ಯದಲ್ಲಿ ಇರುವುದೇ ನಿಜವಾದ ಮನುಷ್ಯ ಅಲ್ವಾ ಸಾರ್?" ಗಾಫ್‌ಮನ್ ಹಾಗೆ ಬಿಡುವುದಿಲ್ಲ. ಅಡುಗೆಮನೆಯಲ್ಲಿ ಜೊತೆಯವರ ಮುಂದೆ ಸಲಿಗೆಯಿಂದ ಇರುವುದೂ ಅವರಿಗಾಗಿ ಹಿಡಿದ ಒಂದು ರೀತಿಯೇ. ಅಲ್ಲಿ ಮರ್ಯಾದೆಯಿಂದ ಮಾತಾಡಿದರೆ ಜೊತೆಯವರು "ಏನಾಯ್ತು ಇವಳಿಗೆ" ಅನ್ನುತ್ತಾರೆ. ಹೂಮಳೆಯವರೇ, ಗೆಳತಿಯರ ಜೊತೆ ನೀವು ಮೆತ್ತಗೆ ಮಾತಾಡಿದರೆ ಅವರು ಏನು ಅನ್ನಬಹುದು, ಯೋಚಿಸಿ.

—

ಗಿರಿ ತಪ್ಪಲು, ಚಿಕ್ಕಮಗಳೂರು

ಮೇಷ್ಟ್ರೇ, ಆ ಬಾಗಿಲಿನ ಕಥೆ ಓದಿ ನಮ್ಮ ಮನೆಯನ್ನೇ ನೋಡಿದ ಹಾಗಾಯಿತು. ನಾವು ಗಂಡ ಹೆಂಡತಿ ಸೇರಿ ಒಂದು ಹೋಂಸ್ಟೇ ನಡೆಸುತ್ತೇವೆ. ಅತಿಥಿಗಳ ಮುಂದೆ ನಾವಿಬ್ಬರೂ ಒಬ್ಬರಿಗೊಬ್ಬರು "ನೀವು" ಅಂತಲೇ ಮಾತಾಡುತ್ತೇವೆ. "ಕಡುಬು ತರ್ತೀರಾ?" "ಆಯ್ತು, ನೀವು ಕೂತ್ಕೊಳ್ಳಿ." ಅಡುಗೆಮನೆಗೆ ಕಾಲಿಟ್ಟ ಕೂಡಲೇ "ಗ್ಯಾಸ್ ಆಫ್ ಮಾಡೋ, ಕಳಲೆ ಪಲ್ಯ ತಳ ಹಿಡೀತಿದೆ" ಅಂತ ನಾನು ಕೂಗುತ್ತೇನೆ.

ಒಂದು ವಿಷಯ ಹೇಳಬೇಕು. ಅತಿಥಿಗಳ ಮುಂದೆ ನಾವು ತೋರಿಸುವ ಆ ಜೋಡಿ ಸುಮ್ನೆ ತೋರಿಕೆ ಅಂತ ನನಗೆ ಅನ್ನಿಸುವುದಿಲ್ಲ. ಜಗಳ ಆಡಿದ ದಿನವೂ ಊಟ ಬಡಿಸುವಾಗ ಇಬ್ಬರೂ ಒಂದು ತಂಡ. ಒಬ್ಬರು ಕಥೆ ಶುರು ಮಾಡಿದರೆ ಇನ್ನೊಬ್ಬರು ಮುಗಿಸಬೇಕು. ತೋಟದ ಬಗ್ಗೆ, ಆನೆ ಬಂದದ್ದರ ಬಗ್ಗೆ, ನಾವು ಹೇಗೆ ಮದುವೆಯಾದೆವು ಅನ್ನುವುದರ ಬಗ್ಗೆ. ಆ ಕಥೆ ಹೇಳಿ ಹೇಳಿ ಎಷ್ಟೋ ಸಲ ಜಗಳ ಅಲ್ಲೇ ಕರಗಿದೆ. ಬೇರೆಯವರಿಗೆ ನಮ್ಮ ಬಗ್ಗೆ ಹೇಳುತ್ತಾ ನಾವೇ ಅದನ್ನು ಮತ್ತೆ ನಂಬುತ್ತೇವೆ.

—

ಗೊರೂರು ರಸ್ತೆ, ಹಾಸನ

ಗಿರಿ ತಪ್ಪಲು ಅವರೇ, ಗಾಫ್‌ಮನ್ ಕೂಡ ತಂಡ ಅನ್ನುವ ಮಾತನ್ನೇ ಬಳಸುತ್ತಾನೆ. ಅತಿಥಿಗಳನ್ನು ಕರೆದ ಗಂಡ ಹೆಂಡತಿ ಒಂದು ತಂಡ, ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಯುತ್ತಾರೆ ಅನ್ನುತ್ತಾನೆ. ನೀವು ಓದದೆಯೇ ಅದನ್ನು ಬದುಕುತ್ತಿದ್ದೀರಿ.

—

ಕಳಸದವಳು

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ದನಿ ಬದಲಿಸಬೇಕಾದವರು ಯಾರು?

ಹೂಮಳೆಯವರ ಗಂಡ ತಮ್ಮ ಅಮ್ಮನ ಮುಂದೆ, ಹೆಂಡತಿಯ ಮುಂದೆ, ಗೆಳೆಯರ ಮುಂದೆ ಹೆಚ್ಚುಕಡಿಮೆ ಒಂದೇ ಥರ ಇರಬಹುದು. ಅವರು ಹುಟ್ಟಿದ ಮನೆ ಅದು. ಯಾರೂ ಅವರಿಗೆ "ಇಲ್ಲಿ ಹೀಗೆ ನಗಬೇಡ" ಅಂದಿಲ್ಲ. ಸೊಸೆಯಾಗಿ ಬಂದವಳು ಮಾತ್ರ ಮಾತಿನ ಅಳತೆ ಕಲಿಯಬೇಕು. ನಮ್ಮ ಕಡೆಯ "ಎಂತ", "ಎಂತಕ್ಕೆ" ಕೇಳಿ ನನ್ನ ಅತ್ತೆ ಮನೆಯಲ್ಲಿ ನಕ್ಕಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ಆದರೂ ನಾನು ಆ ಮಾತುಗಳನ್ನು ಬಿಟ್ಟೆ. ಅವುಗಳ ಜೊತೆ ಒಂದು ಥರದ ನಗುವೂ ಹೋಯಿತು, ಅದು ಆಮೇಲೆ ಗೊತ್ತಾಯಿತು.

ಇನ್ನು "ನೀನು", "ನೀವು". ಗಂಡ "ನೀನು" ಅನ್ನಬಹುದು, ಹೆಂಡತಿ "ನೀವು, ರೀ" ಅನ್ನಬೇಕು. ದಿನಕ್ಕೆ ಎಷ್ಟು ಸಲ ಕರೆಯುತ್ತೇವೆ! ಪ್ರತಿ ಸಲವೂ ಯಾರು ಮೇಲೆ, ಯಾರು ಕೆಳಗೆ ಅಂತ ಬಾಯಿಪಾಠ ಆಗುತ್ತದೆ. ಹೀಗಿರುವಾಗ "ನಿನ್ನ ಆ ನಗು ನನಗೆ ಯಾಕೆ ಸಿಗಲಿಲ್ಲ" ಅಂತ ಗಂಡ ಕೇಳಿದರೆ ಉತ್ತರ ಅವರ ಮನೆಯ ಒಳಗೇ ಇದೆ.

—

ಹೇಮಾವತಿ ದಡ, ಸಕಲೇಶಪುರ

ತಂಗಿ ಕಳಸದವಳಿಗೆ. ನಾನು ಹಳೆಯ ಕಾಲದವನು, ಬೇಜಾರು ಮಾಡಿಕೊಳ್ಳಬೇಡಮ್ಮ. ನೀನು ಹೇಳಿದ್ದು ಸರಿ ಇದೆ. ಆದರೂ ನನ್ನ ಕಡೆಯ ಒಂದು ಮಾತು.

ನನ್ನ ಮನೆಯವಳು ಇವತ್ತಿನವರೆಗೂ ನನ್ನ ಹೆಸರು ಹೇಳಿದವಳಲ್ಲ. ಮದುವೆಯಲ್ಲಿ ಹೆಸರು ಹೇಳುವ ಶಾಸ್ತ್ರ ಇತ್ತಲ್ಲ, ಅಲ್ಲಿ ಎಲ್ಲರೂ ಹೊಸಿಲಿಗೆ ಅಡ್ಡ ನಿಂತು ಪೀಡಿಸಿದ ಮೇಲೆ ಒಂದು ಪದ ಕಟ್ಟಿ ಅದರೊಳಗೆ ನನ್ನ ಹೆಸರು ಸೇರಿಸಿ ಹೇಳಿದ್ದಳು. ಆಮೇಲೆ "ರೀ". ಮಗ ಹುಟ್ಟಿದ ಮೇಲೆ "ಇವನ ಅಪ್ಪ". ಬೇರೆಯವರ ಹತ್ತಿರ "ನಮ್ಮ ಮನೆಯವರು". ಆದರೆ ಆ "ರೀ" ಒಂದೇ ಅಲ್ಲ. ಸಿಟ್ಟಿನ "ರೀ" ಬೇರೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಹೆದರಿ ಕರೆಯುವ "ರೀ" ಬೇರೆ, ನೆಂಟರ ಮುಂದೆ "ಸುಮ್ಮನಿರಿ" ಅನ್ನುವ "ರೀ" ಬೇರೆ. ಆ ಒಂದಕ್ಷರದಲ್ಲಿ ಅವಳು ನನ್ನನ್ನು ಆಳಿದ್ದಾಳೆ ಅಂದರೆ ಹೆಚ್ಚಲ್ಲ. ಮಾತಿನ ಮೇಲ್ಮೈ ನೋಡಿ ಮನೆಯ ಒಳಗನ್ನು ಅಳೆಯುವುದು ಕಷ್ಟ ತಾಯಿ.

—

ಕಳಸದವಳು

ಅಪ್ಪಾಜಿ, ಬೇಜಾರು ಎಂತದ್ದೂ ಇಲ್ಲ. ನೀವು ಪ್ರೀತಿಯಿಂದ ಬರೆದದ್ದು ಗೊತ್ತಾಗುತ್ತದೆ. ಅಮ್ಮನವರು ಒಂದಕ್ಷರದಲ್ಲಿ ಅಷ್ಟೆಲ್ಲ ಹೇಳಲು ಕಲಿತರು. ನಿಮಗೆ ಅದನ್ನು ಕಲಿಯುವ ಅವಶ್ಯಕತೆ ಬರಲಿಲ್ಲ, ಪೂರ್ತಿ ವಾಕ್ಯ ಹೇಳುವ ಜಾಗ ನಿಮಗೆ ಇತ್ತು. ನನ್ನ ಮಾತು ಇಷ್ಟೇ. ಅವರನ್ನೇ ಒಮ್ಮೆ ಕೇಳಿ ನೋಡಿ, ಅವರಿಗೆ ನಿಮ್ಮನ್ನು ಏನಂತ ಕರೆಯಲು ಇಷ್ಟ ಇತ್ತು ಅಂತ.

—

ಗೊರೂರು ರಸ್ತೆ, ಹಾಸನ

ಕಳಸದವರ ಮಾತಿಗೆ ಒಂದು ಆಧಾರ ಕೊಡುತ್ತೇನೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅನ್ನುವವರು 1960ರಲ್ಲಿ ಯುರೋಪಿನ ಭಾಷೆಗಳ ನೀನು-ನೀವು ಬಗ್ಗೆ ಬರೆದರು. ಒಬ್ಬರು "ನೀನು" ಅಂದು ಇನ್ನೊಬ್ಬರು "ನೀವು" ಅಂದರೆ ಅದು ಅಧಿಕಾರದ ಗುರುತು. ಇಬ್ಬರೂ ಒಂದೇ ಥರ ಕರೆದುಕೊಂಡರೆ, ಎರಡೂ ಕಡೆ "ನೀನು" ಆಗಲಿ ಎರಡೂ ಕಡೆ "ನೀವು" ಆಗಲಿ, ಅಲ್ಲಿ ಅಧಿಕಾರಕ್ಕಿಂತ ಇಬ್ಬರ ನಡುವಿನ ದೂರ ಹತ್ತಿರ ಮುಖ್ಯ. ಫ್ರೆಂಚ್, ಜರ್ಮನ್, ಇಟಾಲಿಯನ್‌ಗಳಲ್ಲಿ ಮೊದಲನೆಯದು ಕಮ್ಮಿಯಾಗುತ್ತಾ ಎರಡನೆಯದು ಜಾಸ್ತಿಯಾಯಿತು ಅಂತ ಅವರು ತೋರಿಸಿದರು.

ನಮ್ಮಲ್ಲೂ ಅದು ಆಗುತ್ತಿದೆ. ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಜೋಡಿಗಳು ಹೆಸರು ಹಿಡಿದು ಕರೆದುಕೊಳ್ಳುತ್ತಾರೆ. ಆದರೆ ಅದೇ ಜೋಡಿ ಹಬ್ಬಕ್ಕೆ ಊರಿಗೆ ಹೋದಾಗ ಬಸ್ಸಿನಿಂದ ಇಳಿಯುವ ಮೊದಲೇ "ರೀ" ಶುರು. ಹೇಮಾವತಿ ದಡದವರು ಹೇಳಿದ್ದನ್ನೂ ನಾನು ತಳ್ಳಿ ಹಾಕುವುದಿಲ್ಲ. ಸರ್ವನಾಮ ಒಂದೇ ಎಲ್ಲವನ್ನೂ ಹೇಳುವುದಿಲ್ಲ. ಆದರೆ ಬರೀ ಪ್ರೀತಿ ಇದೆ ಅನ್ನುವುದರಿಂದ ಅದರ ಏರುಪೇರು ಅಳಿಸಿ ಹೋಗುವುದೂ ಇಲ್ಲ.

—

ಹೊಳೆನರಸೀಪುರದವನು

ನಾನು ಗಂಡಸು, ನನ್ನ ಕಥೆ ಬೇರೆ ದಿಕ್ಕಿನದು. ಕಳಸದ ಅಕ್ಕ, ಗಂಡಸರಿಗೂ ಇದು ಆಗುತ್ತದೆ.

ನಮ್ಮ ಊರಲ್ಲಿ ಹಕಾರ ಬಾಯಿಗೆ ಬರುವುದು ಕಮ್ಮಿ. ಹಾಲು ಅಂದರೆ "ಆಲು", ಹಾಸನ ಅಂದರೆ "ಆಸ್ನ". ನಮ್ಮಪ್ಪ ಇವತ್ತಿಗೂ ಹಾಗೇ. ನನ್ನ ಹೆಂಡತಿ ಬೆಂಗಳೂರಿನಲ್ಲಿ ಬೆಳೆದವಳು. ಮದುವೆಗೆ ಮುಂಚೆ ಮಾತಾಡುವಾಗ ನಾನು ಪ್ರತಿ ಪದಕ್ಕೂ ಎಚ್ಚರ ವಹಿಸುತ್ತಿದ್ದೆ. ಹೆದರಿಕೆ ಜಾಸ್ತಿಯಾಗಿ ಇಲ್ಲದ ಕಡೆಯೂ ಹಕಾರ ಸೇರಿಸಿ "ಹಾಯ್ತು" ಅಂದದ್ದೂ ಇದೆ. ಊರಲ್ಲಿ ಹಾಗೇ ಮಾತಾಡಿದರೆ "ಏನ್ಲಾ, ಪ್ಯಾಟೆಯವನಾಗ್ಬುಟ್ಟೆ" ಅಂತ ಚಿಕ್ಕಪ್ಪಂದಿರು ಮುಖ ತಿರುಗಿಸುತ್ತಿದ್ದರು. ಎರಡು ಕಡೆಯೂ ಪರೀಕ್ಷೆ.

ಬದಲಾದದ್ದು ಅಪ್ಪ ಕಣ್ಣಿನ ಆಪರೇಷನ್‌ಗೆ ಬಂದು ನಮ್ಮ ಮನೆಯಲ್ಲಿ ಉಳಿದಾಗ. ಅಪ್ಪನ ಜೊತೆ ನಾನು ನಮ್ಮೂರ ಮಾತೇ ಆಡಬೇಕಲ್ಲ, ಹೆಂಡತಿ ಅಲ್ಲೇ ಇದ್ದಳು. ಒಂದು ದಿನ ಅವಳು ಹೇಳಿದಳು: "ನಿಮ್ಮಪ್ಪನ ಹತ್ರ ಮಾತಾಡುವಾಗ ನೀನು ಎಷ್ಟು ಆರಾಮಾಗಿ ಇರ್ತೀಯ. ನನ್ನ ಹತ್ರ ಯಾಕೆ ನ್ಯೂಸ್ ಓದುವವರ ಥರ ಮಾತಾಡ್ತೀಯ?" ನಾನು ಮರ್ಯಾದೆ ಉಳಿಸಿಕೊಳ್ಳಲು ಮಾಡುತ್ತಿದ್ದದ್ದನ್ನು ಅವಳು ನನ್ನನ್ನು ದೂರ ಇಟ್ಟಿದ್ದಾನೆ ಅಂತ ತಿಳಿದಿದ್ದಳು. ಈಗ ಮನೆಯಲ್ಲಿ ಬಾಯಿಗೆ ಬಂದ ಹಾಗೆ ಮಾತಾಡುತ್ತೇನೆ. ಅವಳೇ ಕೆಲವು ಸಲ "ಆಲು ಕಾಯ್ಸಿದ್ಯಾ" ಅನ್ನುತ್ತಾಳೆ. ಅಣಕಿಸಲು ಅಲ್ಲ, ಅವಳಿಗೂ ಅದು ಮನೆಯ ಮಾತಾಗಿದೆ.

ಹೂಮಳೆಯವರ ಗಂಡ ಕೇಳಿದ್ದು ನನ್ನ ಹೆಂಡತಿ ಕೇಳಿದ ಪ್ರಶ್ನೆಯೇ ಅಂತ ನನಗೆ ಅನ್ನಿಸುತ್ತದೆ. ಆರೋಪ ಅಲ್ಲ ಅದು, ಒಳಗೆ ಬರಲು ಕೇಳಿದ ಅನುಮತಿ.

—

ಗೊರೂರು ರಸ್ತೆ, ಹಾಸನ

ಹೊಳೆನರಸೀಪುರದವರೇ, ಹೋವರ್ಡ್ ಜೈಲ್ಸ್ ಅನ್ನುವವರು 1970ರ ದಶಕದಿಂದ ಇದನ್ನೇ ಅಧ್ಯಯನ ಮಾಡಿದರು. ಮೆಚ್ಚುಗೆ ಬೇಕಾದಾಗ ಎದುರಿನವರ ಮಾತಿನ ರೀತಿಗೆ ಹತ್ತಿರ ಹೋಗುತ್ತೇವೆ. ನಮ್ಮ ಗುಂಪನ್ನು ಎತ್ತಿ ತೋರಿಸಬೇಕಾದಾಗ ಬೇಕೆಂದೇ ದೂರ ಸರಿಯುತ್ತೇವೆ. ನಿಮ್ಮ ಚಿಕ್ಕಪ್ಪಂದಿರು ಮುಖ ತಿರುಗಿಸಿದ್ದು ನೀವು ಅವರಿಂದ ದೂರ ಸರಿದಿರಿ ಅಂತ ಕೇಳಿಸಿದ್ದರಿಂದ.

—

ಕೌಶಿಕದ ಮೊಮ್ಮಗಳು, ಹಾಸನ

ನಮ್ಮದು ಸಂಕೇತಿ ಮನೆ. ಹಾಸನದ ಪಕ್ಕದ ಕೌಶಿಕ ಗೊತ್ತಿರಬಹುದು, ಕೌಶಿಕ ಸಂಕೇತಿಗಳು ಅಂತ ಹೆಸರು ಬಂದದ್ದೇ ಆ ಊರಿನಿಂದ. ಮನೆಯ ಮಾತು ಸಂಕೇತಿ. ತಮಿಳು ಮೂಲ, ಮಲಯಾಳದ ನಂಟು, ಕನ್ನಡದ ಪದಗಳೂ ಬೇಕಾದಷ್ಟು. ಹೊರಗೆ ಪೂರ್ತಿ ಕನ್ನಡ. ಅಜ್ಜಿ ಜೊತೆ ಸಂಕೇತಿಯಲ್ಲಿ ಮಾತಾಡಿದರೆ ನಾನು ಇವತ್ತಿಗೂ ಏಳು ವರ್ಷದ ಹುಡುಗಿ.

ನನ್ನ ಗಂಡನ ಮನೆ ಮಾತು ಕನ್ನಡ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ಅವರಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಇಲ್ಲ. ಮೊದಲಿಗೆ ಏನೋ ಗುಟ್ಟು ಮಾತಾಡುತ್ತಿದ್ದಾಳೆ ಅಂತ ಅನ್ನಿಸುತ್ತಿತ್ತಂತೆ. ಈಗ ಅವರೇ ನಾಲ್ಕು ವಾಕ್ಯ ಕಲಿತು ಅಜ್ಜಿಗೆ ಫೋನಿನಲ್ಲಿ ಹೇಳುತ್ತಾರೆ, ಅಜ್ಜಿಗೆ ಹಬ್ಬ. ಆದರೆ ನನಗೆ ಒಂದು ಪ್ರಶ್ನೆ ಇದೆ. ಗಂಡ ಹೆಂಡತಿ ಮಧ್ಯೆ ಎಲ್ಲವೂ ತೆರೆದಿರಲೇಬೇಕಾ? ಅಜ್ಜಿಯ ಜೊತೆ ಇರುವ ಆ ಹುಡುಗಿಯನ್ನು ನಾನು ಯಾರಿಗೂ ಒಪ್ಪಿಸಲು ತಯಾರಿಲ್ಲ. ಗಂಡನ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಅದು ಅಜ್ಜಿ ಮತ್ತು ನಾನು ಸೇರಿ ಆದದ್ದು. ಅಜ್ಜಿ ಇಲ್ಲದ ಕಡೆ ಆ ಹುಡುಗಿಯೂ ಇಲ್ಲ.

—

ಹೂಮಳೆ, ಚಿಕ್ಕಮಗಳೂರು

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ.

ಕಳಸದ ಅಕ್ಕನ ಮಾತು ಓದಿ ತುಂಬಾ ಹೊತ್ತು ಯೋಚಿಸಿದೆ. ಅತ್ತೆ ಮನೆಯಲ್ಲಿ ನನಗೆ ಯಾರೂ ಏನೂ ಅಂದಿಲ್ಲ. ಆದರೆ ಮೊದಲ ವರ್ಷ ನಾನೇ ಎಲ್ಲರ ಮುಖ ನೋಡಿ ನೋಡಿ ಒಂದು ಅಳತೆ ಮಾಡಿಕೊಂಡೆ. ಇಲ್ಲಿ ಇಬ್ಬರೇ ಇರುವಾಗಲೂ ಅದೇ ಅಳತೆ ಮುಂದುವರಿದಿದೆ. ಕೌಶಿಕದ ಮೊಮ್ಮಗಳ ಮಾತೂ ಮನಸ್ಸಿಗೆ ನಾಟಿತು. ಗೆಳತಿಯರ ಜೊತೆಗಿನ ನಗು ಅವರ ಜೊತೆಯದೇ. ಹಾಸ್ಟೆಲಿನ ಎಷ್ಟೋ ರಾತ್ರಿಗಳು ಅದರಲ್ಲಿ ಇವೆ. ಅದನ್ನು ಹಾಗೇ ಎತ್ತಿ ಗಂಡನಿಗೆ ಕೊಡಲು ಆಗುವುದಿಲ್ಲ.

ಮೇಷ್ಟ್ರಿಗೆ ಒಂದು ಪ್ರಶ್ನೆ. ಹಾಗಾದರೆ ಯಾವ ವ್ಯತ್ಯಾಸ ಸಹಜ, ಯಾವುದು ತೊಂದರೆಯದು?

—

ಗೊರೂರು ರಸ್ತೆ, ಹಾಸನ

ಇದಕ್ಕೆ ನನಗೆ ಉಪಯೋಗಕ್ಕೆ ಬಂದದ್ದು ಮೈಕಲ್ ಹೆಕ್ಟ್ ಅವರ ವಿಚಾರ. 1993ರಲ್ಲಿ ಅವರು ಬರೆದರು: ನಮ್ಮ ಗುರುತು ಅನ್ನುವುದು ಮೊದಲೇ ಒಳಗೆ ಸಿದ್ಧವಾಗಿ ಕೂತಿದ್ದು ಮಾತಿನಲ್ಲಿ ಹೊರಗೆ ಬರುವ ವಸ್ತು ಅಲ್ಲ, ಮಾತುಕತೆಯೇ ಗುರುತು. ಅದಕ್ಕೆ ನಾಲ್ಕು ಪದರ ಹೇಳಿದರು. ನನ್ನ ಬಗ್ಗೆ ನಾನು ಅಂದುಕೊಂಡದ್ದು ಒಂದು. ನಡೆನುಡಿಯಲ್ಲಿ ಕಾಣುವುದು ಇನ್ನೊಂದು. ಸಂಬಂಧದಲ್ಲಿ ಇರುವುದು, ಅಂದರೆ ಇವರ ಹೆಂಡತಿ, ಇವರ ಮಗ ಅನ್ನುವುದು, ಜೊತೆಗೆ "ಆ ಜೋಡಿ" ಅಂತ ಇಬ್ಬರಿಗೂ ಸೇರಿ ಇರುವ ಗುರುತು. ಕೊನೆಯದು ಸಮುದಾಯದ್ದು, ಮಲೆನಾಡಿನವರು, ಸಂಕೇತಿಗಳು, ತೋಟದವರು ಅಂತ. ನಾಲ್ಕೂ ಒಂದರೊಳಗೊಂದು ಸೇರಿಕೊಂಡಿರುತ್ತವೆ, ಕೆಲವು ಸಲ ಒಂದಕ್ಕೊಂದು ಎದುರು ನಿಲ್ಲುತ್ತವೆ.

2004ರಲ್ಲಿ ಯೂರಾ ಜಂಗ್ ಮತ್ತು ಹೆಕ್ಟ್ ಸೇರಿ ಪದರಗಳ ನಡುವಿನ ಅಂತರವನ್ನು ನೋಡಿದರು. ಅಂತರ ಎಲ್ಲರಿಗೂ ಇದೆ. ಆದರೆ ನನ್ನ ಬಗ್ಗೆ ನಾನು ಅಂದುಕೊಂಡದ್ದಕ್ಕೂ ಎದುರಿನವರು ನನ್ನನ್ನು ನೋಡುವುದಕ್ಕೂ ನಡುವಿನ ಅಂತರ ದೊಡ್ಡದಾದಷ್ಟೂ "ಇವರು ನನ್ನನ್ನು ಅರ್ಥ ಮಾಡಿಕೊಂಡಿದ್ದಾರೆ" ಅನ್ನುವ ಭಾವನೆ ಕಮ್ಮಿ ಇತ್ತು. ಮಾತಾಡಿದ ತೃಪ್ತಿಯೂ ಕಮ್ಮಿ ಇತ್ತು.

ಇದರಿಂದ ನಾನು ತಿಳಿದುಕೊಂಡದ್ದು ಹೀಗೆ. ಇದು ನನ್ನ ಅಭಿಪ್ರಾಯ, ಅವರದಲ್ಲ. ಅಂತರ ಇದೆ ಅಂತ ಆ ಮನುಷ್ಯನ ಹತ್ತಿರವೇ ಹೇಳಲು ಆದರೆ ಅದು ಸಹಜದ್ದು. ಹೇಳಲು ಹೆದರಿಕೆಯಾದರೆ ತೊಂದರೆ ಶುರುವಾಗಿದೆ. ಹೂಮಳೆಯವರ ಮನೆಯಲ್ಲಿ ಗಂಡ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದಾರೆ. ಅದನ್ನು ಒಳ್ಳೆಯ ಸೂಚನೆ ಅಂತಲೇ ನಾನು ಓದುತ್ತೇನೆ.

—

ಬೇಲೂರು ಗೈಡ್

ಮೇಷ್ಟ್ರ ಮೂರನೇ ಪದರ ಓದಿ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನಕ್ಕೆ ದಿನವೂ ಜನರನ್ನು ಕರೆದುಕೊಂಡು ಹೋಗುತ್ತೇನೆ. ಹೊಯ್ಸಳರ ಶಿಲ್ಪಿಗಳು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತುತ್ತಿದ್ದರು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಇದೆ. ಚಾವಣ ದೊಡ್ಡ ಕಲಾವಿದ. ಆದರೂ ಬರೀ "ಚಾವಣ" ಅಂತ ಬರೆದು ಬಿಡಲಿಲ್ಲ. ಅಪ್ಪ ಯಾರು, ಊರು ಯಾವುದು ಅಂತಲೂ ಸೇರಿಸಿದ. ಎಂದೋ ಬರುವ ಅಪರಿಚಿತರಿಗೆ ತನ್ನ ಪರಿಚಯ ಹೇಳುವಾಗ ಅವನಿಗೆ ಬೇಕಾದದ್ದು ಅಪ್ಪ ಮತ್ತು ಊರು.

ಇವತ್ತೂ ನಮ್ಮ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ಕೇಳುವುದು "ಯಾವೂರು? ಯಾರ ಮನೆ?" ಬೆಂಗಳೂರಿನವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಜಾತಿ ತಿಳಿಯಲು ಕೇಳುತ್ತಾರೆ ಅನ್ನುವ ಅನುಮಾನವೂ ಇದೆ, ಎಷ್ಟೋ ಸಲ ಅದು ನಿಜ ಕೂಡ. ಆದರೆ ವಯಸ್ಸಾದವರು ಕೇಳುವಾಗ ಇನ್ನೊಂದು ಆಸೆಯೂ ಇರುತ್ತದೆ. ಎಲ್ಲೋ ಒಬ್ಬ ಪರಿಚಿತರ ಹೆಸರು ಸಿಕ್ಕಿದರೆ ಸಾಕು, "ಅಯ್ಯೋ, ಅವರ ಅಳಿಯನಾ!" ಅಂತ ಮಾತು ಬೆಳೆಯುತ್ತದೆ.

—

ಅರಸೀಕೆರೆ ಜಂಕ್ಷನ್

ತಡವಾಗಿ ಬಂದೆ. ನನಗೆ ನಿಶ್ಚಿತಾರ್ಥ ಆಗಿದೆ. ಹುಡುಗಿ ಕಡೂರಿನವರು. ದಿನವೂ ವಾಟ್ಸಾಪ್‌ನಲ್ಲಿ ಮಾತಾಡುತ್ತೇವೆ, ರಾತ್ರಿ ಗಂಟೆಗಟ್ಟಲೆ. ಅಲ್ಲಿ ನಾವಿಬ್ಬರೂ ಎಷ್ಟು ಚೆನ್ನಾಗಿ ಮಾತಾಡುತ್ತೇವೆ ಅಂದರೆ ನನಗೇ ಆಶ್ಚರ್ಯ. ಅಪ್ಪ ತೀರಿಹೋದ ವಿಷಯ ನಾನು ಯಾರಿಗೂ ಹೇಳದ ಹಾಗೆ ಅವರಿಗೆ ಹೇಳಿದ್ದೇನೆ. ಆದರೆ ಎದುರು ಸಿಕ್ಕಿದಾಗ ಇಬ್ಬರಿಗೂ ಮಾತು ಹೊರಡುವುದಿಲ್ಲ. ಕಾಫಿ ಆರುತ್ತದೆ. ಮನೆಗೆ ಬಂದು ಮತ್ತೆ ಚಾಟ್ ಶುರು ಮಾಡಿದರೆ ಎಲ್ಲ ಸರಿ. ನನಗೆ ಈಗ ಹೆದರಿಕೆ. ಮದುವೆಯಾಗುವುದು ಫೋನಿನಲ್ಲಿ ಇರುವವರನ್ನಾ, ಎದುರಿಗೆ ಕೂರುವವರನ್ನಾ?

—

ಗೊರೂರು ರಸ್ತೆ, ಹಾಸನ

ಅರಸೀಕೆರೆಯವರೇ, ಹೆದರಬೇಡಿ. ಜೋಸೆಫ್ ವಾಲ್ಥರ್ ಅನ್ನುವವರು 1996ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಆಗ ವಾಟ್ಸಾಪ್ ಹುಟ್ಟಿರಲೂ ಇಲ್ಲ. ಬರಹದಲ್ಲಿ ಮಾತಾಡುವಾಗ ನಮಗೆ ಯೋಚಿಸಲು ಸಮಯ ಇರುತ್ತದೆ, ಅಳಿಸಿ ತಿದ್ದಬಹುದು, ತೋರಿಸಬೇಕಾದದ್ದನ್ನು ಮಾತ್ರ ತೋರಿಸಬಹುದು. ಓದುವವರು ಖಾಲಿ ಬಿಟ್ಟ ಜಾಗವನ್ನು ತಮಗೆ ಇಷ್ಟವಾದ ಹಾಗೆ ತುಂಬಿಕೊಳ್ಳುತ್ತಾರೆ. ಅವರ ಮೆಚ್ಚುಗೆ ಬಂದಾಗ ನಾವು ಇನ್ನೂ ಹಾಗೇ ಆಗುತ್ತೇವೆ. ಹಾಗಾಗಿ ಕೆಲವು ಸಲ ಬರಹದ ಆಪ್ತತೆ ಎದುರು ಕೂತ ಆಪ್ತತೆಯನ್ನೂ ಮೀರುತ್ತದೆ.

ಅಪ್ಪನ ವಿಷಯ ನೀವು ಹೇಳಿದ್ದು ಸುಳ್ಳಲ್ಲ, ಅದು ನೀವೇ. ಎದುರು ಕೂತಾಗಿನ ಮುಜುಗರವೂ ನೀವೇ. ಎರಡಕ್ಕೂ ಇನ್ನೂ ಪರಿಚಯ ಆಗಿಲ್ಲ, ಅಷ್ಟೇ.

—

ಕಳಸದವಳು

ತಮ್ಮಾ, ಒಂದು ಮಾತು. ನೀವು ಇಷ್ಟು ತೆರೆದುಕೊಂಡಿದ್ದೀರಿ, ತುಂಬಾ ಒಳ್ಳೆಯದು. ಅವರು ಎಷ್ಟು ತೆರೆದುಕೊಂಡಿದ್ದಾರೆ ಅಂತಲೂ ನೋಡಿ. ನಿಶ್ಚಿತಾರ್ಥ ಆದ ಹುಡುಗಿ "ನನಗೆ ಇದು ಇಷ್ಟ ಇಲ್ಲ" ಅನ್ನುವುದು ಸುಲಭ ಅಲ್ಲ. ಎಲ್ಲದಕ್ಕೂ "ಹೂಂ, ನಿಮ್ಮಿಷ್ಟ" ಅಂತ ಬರುತ್ತಿದ್ದರೆ ಸ್ವಲ್ಪ ತಡೆದು ಕೇಳಿ. ಕೆಲಸ, ಮನೆ, ಅವರ ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು, ಇವೆಲ್ಲದರ ಬಗ್ಗೆ ಅವರ ಮನಸ್ಸಿನಲ್ಲಿ ಏನಿದೆ ಅಂತ. ಬಂದ ಉತ್ತರ ನಿಮಗೆ ಹಿಡಿಸದಿದ್ದರೂ ಮುಖ ಗಂಟಿಕ್ಕಬೇಡಿ. ಮೊದಲ "ಇಲ್ಲ" ಹೇಳಿದಾಗ ಎದುರಿನವರು ಹೇಗೆ ನಡೆದುಕೊಂಡರು ಅನ್ನುವುದು ಹೆಣ್ಣುಮಕ್ಕಳಿಗೆ ಮರೆಯುವುದಿಲ್ಲ. ಆಮೇಲಿನ ವರ್ಷಗಳಲ್ಲಿ ಎಷ್ಟು ಮಾತಾಡಬೇಕು ಅನ್ನುವುದು ಅಲ್ಲೇ ನಿರ್ಧಾರವಾಗುತ್ತದೆ.

—

ಗಿರಿ ತಪ್ಪಲು, ಚಿಕ್ಕಮಗಳೂರು

ಕಳಸದವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದೂ ಒಂದು ಸಲಹೆ. ಹೋಟೆಲಿನಲ್ಲಿ ಎದುರುಬದುರು ಕೂತು ಮಾತಾಡುವುದು ಯಾರಿಗಾದರೂ ಕಷ್ಟ. ಮಾತಾಡಲೇಬೇಕು ಅಂತ ಕೂತರೆ ಮಾತು ಬರುವುದಿಲ್ಲ. ಏನಾದರೂ ಒಂದು ಕೆಲಸ ಮಾಡುತ್ತಾ ಜೊತೆಗಿರಿ. ಮದುವೆಗೆ ಪಾತ್ರೆ ಕೊಳ್ಳಲು ಹೋಗಿ, ಸಂತೆಗೆ ಹೋಗಿ. ಅವರ ಮನೆಗೆ ಹೋಗಿ, ಅವರ ತಮ್ಮ ತಂಗಿಯರ ಜೊತೆ ಅವರು ಹೇಗೆ ಜಗಳ ಆಡುತ್ತಾರೆ ನೋಡಿ. ಅವರನ್ನೂ ನಿಮ್ಮ ಮನೆಗೆ ಕರೆಯಿರಿ. ನಿಮ್ಮ ಅಮ್ಮ ನಿಮ್ಮನ್ನು ಬೈಯುವಾಗ ಅವರು ಪಕ್ಕದಲ್ಲಿ ಇರಲಿ. ಮದುವೆಗೆ ಮುಂಚೆ ಹುಡುಗಿ ಹುಡುಗನ ಮನೆಗೆ ಬರಬಾರದು ಅಂತ ಹಿರಿಯರು ಅಂದರೆ ಚಿಕ್ಕಮ್ಮನ ಮನೆಯಲ್ಲೋ ಅತ್ತೆ ಮನೆಯಲ್ಲೋ ಸೇರಿ.

—

ಅರಸೀಕೆರೆ ಜಂಕ್ಷನ್

ಕಳಸದ ಅಕ್ಕ, ನೀವು ಹೇಳಿದ ಮೇಲೆ ಹಳೆಯ ಚಾಟ್ ಪೂರ್ತಿ ಓದಿದೆ. ಅವರು "ನಿಮ್ಮಿಷ್ಟ" ಅಂತ ಬರೆದದ್ದು ತುಂಬಾ ಕಡೆ ಇದೆ. ಕೆಲಸ ಬಿಟ್ಟು ಅರಸೀಕೆರೆಗೆ ಬರುವ ವಿಷಯದಲ್ಲೂ ಅದೇ ಇದೆ. ನಿನ್ನೆ ರಾತ್ರಿ ಚಾಟ್ ಬಿಟ್ಟು ಫೋನ್ ಮಾಡಿ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಕೆಲಸ ಬಿಡಲು ನನಗೆ ಇಷ್ಟ ಇಲ್ಲ" ಅಂದರು. ಆಯ್ತು, ಹಾಗಾದರೆ ನಾವಿಬ್ಬರೂ ಕಡೂರಿನಲ್ಲೇ ಮನೆ ಮಾಡಿದರೆ ಹೇಗೆ, ರೈಲಿನಲ್ಲಿ ನಾನು ಓಡಾಡಬಹುದು ಅಂದೆ. ಆಮೇಲೆ ಅವರು ಮಾತಾಡಿದ್ದೇ ಮಾತಾಡಿದ್ದು.

ಭಾನುವಾರ ಅವರ ಮನೆಗೆ ಊಟಕ್ಕೆ ಹೋಗುತ್ತಿದ್ದೇನೆ. ಅಮ್ಮನೂ ಬರುತ್ತಾರೆ. ಮನೆ ಮಾಡುವ ವಿಷಯ ಅಮ್ಮನಿಗೆ ಇನ್ನೂ ಹೇಳಬೇಕು. ಅದನ್ನು ಹೇಗೆ ಶುರು ಮಾಡಲಿ ಅಂತ ಯಾರಾದರೂ ಅನುಭವ ಇದ್ದವರು ಹೇಳಿ.

—

ಹೇಮಾವತಿ ದಡ, ಸಕಲೇಶಪುರ

ಮಗು, ಅಮ್ಮನಿಗೆ ಬಸ್ಸಿನಲ್ಲಿ ಹೇಳಬೇಡ, ಅವರ ಮನೆಯಲ್ಲಿ ಎಲ್ಲರ ಮುಂದೆಯೂ ಹೇಳಬೇಡ. ಶನಿವಾರವೇ ಅಡುಗೆಮನೆಯಲ್ಲಿ ಕೂತು ಹೇಳು. "ಅವಳು ಹೀಗಂದಳು" ಅಂತ ಶುರು ಮಾಡಬೇಡ, ಸೊಸೆಯ ಮೇಲೆ ಮೊದಲೇ ಮಾತು ಬರುತ್ತದೆ. "ನಾನು ಹೀಗೆ ಯೋಚಿಸಿದ್ದೇನೆ ಅಮ್ಮ, ವಾರಕ್ಕೊಮ್ಮೆ ಬರುತ್ತೇನೆ, ನಿನಗೆ ಬೇಕಾದಾಗ ನೀನೂ ಅಲ್ಲಿಗೆ ಬಂದು ಇರು" ಅನ್ನು. ಅಮ್ಮ ಅತ್ತರೆ ಅಳಲಿ, ಎದ್ದು ಹೋಗಬೇಡ.